ಸಕ್ಕರೆ ಹಾಕದ ಕಾಫಿ

ಅಮೆರಿಕದಲ್ಲಿ ಒಂದು ಸಲ ಬೇಡ ಎಂದರೆ ಮುಗಿಯಿತು. ಈ ಸತ್ಯ ಅರ್ಥವಾಗುವಷ್ಟರಲ್ಲಿ ಹರಿಪ್ರಸಾದ ಐದಾರು ಮನೆಗಳಿಂದ ಖಾಲಿ ಹೊಟ್ಟೆಯಲ್ಲಿ ವಾಪಸು ಬಂದಿದ್ದ. ಮೈಸೂರಿನವನು. ಕಾಫಿ ಕೊಡಲಾ ಎಂದರೆ "ಅಯ್ಯೋ ಬೇಡ, ಈಗ್ತಾನೆ ಆಯ್ತು" ಎನ್ನುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಇನ್ನೊಂದು ಸಲ ಕೇಳುತ್ತಾರೆ, ಮೂರನೇ ಸಲ ಗದರಿ ಕೈಗೆ ಕೊಡುತ್ತಾರೆ ಎಂದು ಕಾಯುತ್ತಿದ್ದ. ಇಲ್ಲಿಯವರು "ಓಕೆ" ಎಂದು ಟೀವಿ ಕಡೆ ತಿರುಗಿಬಿಡುತ್ತಿದ್ದರು.

ತೊಂಬತ್ತಾರರ ಫೆಬ್ರವರಿಯ ಒಂದು ಮಧ್ಯಾಹ್ನ, ವಾಷಿಂಗ್ಟನ್ನಿನ ತನ್ನ ಆಫೀಸಿನ ಹಿಂದಿನ ಬೀದಿಯಲ್ಲಿದ್ದ ಲೆಬನೀಸ್ ಸ್ಯಾಂಡ್‌ವಿಚ್ ಅಂಗಡಿಗೆ ಅವನು ಚಳಿ ತಡೆಯಲಾರದೆ ನುಗ್ಗಿದ. ಊಟ ಮುಗಿಸಿ ಏಳುವಾಗ ಕೌಂಟರಿನ ಹುಡುಗಿ ಕೇಳಿದಳು. ಮಾತೆಲ್ಲ ಇಂಗ್ಲಿಷಿನಲ್ಲೇ, ನಾವು ನಮ್ಮ ಕನ್ನಡದಲ್ಲಿ ಕೇಳಿಸಿಕೊಳ್ಳೋಣ.

"ಕಾಫಿ ತಗೋತೀರಾ?"

"ಬೇಡ, ಥ್ಯಾಂಕ್ಸ್."

"ಒಂದು ಚೂರು ಕುಡೀರಿ. ಹೊರಗೆ ಹೇಗಿದೆ ನೋಡಿ."

"ಇಲ್ಲ, ನಿಜವಾಗ್ಲೂ ಬೇಡ."

ಅವಳು ಕೇಳಿಸಿಕೊಂಡರೆ ತಾನೆ! ಬೆರಳುದ್ದದ ಪುಟ್ಟ ಬಟ್ಟಲನ್ನು ಅವನ ಮುಂದೆ ಇಟ್ಟೇಬಿಟ್ಟಳು. "ಕಿಟಕಿ ಹತ್ರ ಕೂತಿರೋದು ನಮ್ಮಪ್ಪ. ನೀವು ಕುಡೀದೆ ಹೋದ್ರೆ ಬೈಸ್ಕೊಳ್ಳೋಳು ನಾನು."

ಒಂದು ಗುಟುಕು ಕುಡಿದ ಹರಿಪ್ರಸಾದನ ಕಣ್ಣಲ್ಲಿ ನೀರು ಬಂತು. ಕಾಫಿಗೆ ಅಳುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ. ಏಲಕ್ಕಿ ಜಾಸ್ತಿಯಾಯಿತೇ ಎಂದು ಗಾಬರಿಯಿಂದ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ, ಬಟ್ಟಲಿನ ಮೇಲಿಂದ ಅವಳನ್ನು ಒಮ್ಮೆ ನೋಡಿ, ಕಣ್ಣು ತಗ್ಗಿಸಿದ. ಅವಳ ಹೆಸರು ನಜ್ಲಾ.

ಮರುದಿನವೂ ಹೋದ. ಅದರ ಮರುದಿನವೂ. ಆಫೀಸಿನಲ್ಲಿ ದಿನವಿಡೀ ಯಾವ್ಯಾವುದೋ ದೇಶಗಳ ಅಂಕಿಅಂಶ ತಿದ್ದುತ್ತ ಕೂರುವ ಅವನಿಗೆ ಮನುಷ್ಯರ ದನಿ ಕೇಳುತ್ತಿದ್ದುದು ಆ ಒಂದು ಗಂಟೆ ಮಾತ್ರ. ಸಂಜೆ ಬಸ್ಸು ಹಿಡಿದು ಊರಾಚೆಯ ಕೊಲಂಬಿಯಾ ಪಟ್ಟಣದ ಅಪಾರ್ಟ್‌ಮೆಂಟಿಗೆ ಬಂದರೆ ಫ್ರಿಜ್ಜಿನ ಸದ್ದು. ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋದರೆ "ಒಂದ್ಸಲ ಮನೆಗೆ ಬನ್ನಿ" ಎನ್ನುವವರು ಬೇಕಾದಷ್ಟು ಜನ. ಯಾವತ್ತು ಎಂದು ಹೇಳಿದವರು ಒಬ್ಬರೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಒಡಹುಟ್ಟಿದವರಿಲ್ಲ. ಮೂವತ್ತಾರು ದಾಟಿದ್ದ.

ಕಿಟಕಿಯ ಬಳಿಯ ಮುದುಕರನ್ನು ಎಲ್ಲರೂ ಅಬು ಘಸ್ಸಾನ್ ಎನ್ನುತ್ತಿದ್ದರು, ಎಂದರೆ ಘಸ್ಸಾನನ ಅಪ್ಪ. ಆ ಘಸ್ಸಾನ್, ನಜ್ಲಾಳ ಅಣ್ಣ, ದೂರದ ಷಾರ್ಲೆಟ್ಟಿನಲ್ಲಿದ್ದ. ವಾರ ಕಳೆಯುವುದರೊಳಗೆ ಮುದುಕರು ಹರಿಪ್ರಸಾದನನ್ನು "ಬಾಬಾ" ಎಂದು ಕರೆಯತೊಡಗಿದರು.

"ಬಾಬಾ ಅಂದ್ರೆ ಅಪ್ಪ" ಎಂದು ನಜ್ಲಾ ತುಟಿ ಕಚ್ಚಿ ನಗು ತಡೆದಳು. "ನಮ್ಮಲ್ಲಿ ಅಪ್ಪಂದಿರು ಮಕ್ಕಳನ್ನೂ ಅಪ್ಪ ಅಂತಾನೇ ಕರೀತಾರೆ. ವಿಚಿತ್ರ, ಅಲ್ವಾ?"

"ಏನೂ ವಿಚಿತ್ರ ಇಲ್ಲ. ನಮ್ಮೂರಲ್ಲಿ ಮೂರು ವರ್ಷದ ಮಗೂನೂ ಬಾರಪ್ಪಾ ಅಂತೀವಿ."

ಅವಳು ಆಗ ನೋಡಿದ ರೀತಿ ಇದೆಯಲ್ಲ, ತಲೆ ಸ್ವಲ್ಪ ವಾಲಿಸಿ, ಇವನನ್ನು ಹೊಸದಾಗಿ ಕಂಡ ಹಾಗೆ, ಅದನ್ನು ನೆನೆದುಕೊಂಡು ಅವನು ಎರಡು ಬಸ್ ಸ್ಟಾಪ್ ಮುಂದೆ ಹೋಗಿ ಇಳಿದ.

ಮಫ್ಲರ್ ಇಲ್ಲದೆ ಬಂದರೆ ಮುದುಕರು ಬೈಯುತ್ತಿದ್ದರು. ಜ್ವರ ಬಂದು ಎರಡು ದಿನ ತಪ್ಪಿಸಿದಾಗ ಮೂರನೇ ದಿನ ಆಫೀಸಿನ ಗೇಟಿನಲ್ಲೇ ಸೂಪಿನ ಡಬ್ಬಿ ಹಿಡಿದು ನಿಂತಿದ್ದರು. ರೀತಿ ರಿವಾಜನ್ನೂ ಕಲಿಸಿದರು. ಕಾಫಿ ಮುಗಿಸಿ ಬಟ್ಟಲು ಕೆಳಗಿಡುವಾಗ ‘ದಾಯ್ಮೆ’ ಎನ್ನಬೇಕು. ಈ ಮನೆಯಲ್ಲಿ ಇದು ಸದಾ ಹೀಗೇ ನಡೆಯಲಿ ಎಂದು ಅರ್ಥ. ಹರಿಪ್ರಸಾದ ಬಸ್ಸಿನಲ್ಲಿ, ಬಚ್ಚಲಲ್ಲಿ, ಕನ್ನಡಿಯ ಮುಂದೆ ಅದನ್ನು ಅಭ್ಯಾಸ ಮಾಡಿದ.

"ಇನ್ನೂ ಸರಿ ಹೋಗಿಲ್ಲ" ಎಂದು ನಜ್ಲಾ ದಿನವೂ ಕಾಡುತ್ತಿದ್ದಳು. "ನಾಳೆ ಬನ್ನಿ, ಮತ್ತೆ ಹೇಳಿ."

ನಾಳೆ ಬನ್ನಿ ಎನ್ನುವ ಆ ಎರಡು ಮಾತಿಗಾಗಿ ಅವನು ಬದುಕುತ್ತಿದ್ದ ಎಂದರೆ ಸುಳ್ಳಲ್ಲ. ಪ್ರೀತಿ ಎಂದು ಬೇಸಿಗೆಯ ಹೊತ್ತಿಗೆ ಅವನಿಗೇ ಗೊತ್ತಾಗಿತ್ತು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಅಕ್ಟೋಬರಿನಲ್ಲಿ ಒಂದು ದಿನ ಅಂಗಡಿಯ ಬಾಗಿಲಿಗೆ ಕಪ್ಪು ಅಂಚಿನ ಚೀಟಿ ಅಂಟಿತ್ತು. ಅಬು ಘಸ್ಸಾನ್ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಹರಿಪ್ರಸಾದ ಕಪ್ಪು ಕೋಟು ಕೊಂಡು, ಮೂರನೇ ದಿನ ವೀಟನ್‌ನಲ್ಲಿದ್ದ ಅವರ ಮನೆಗೆ ಹೋದ. ಹಾಲಿನ ಗೋಡೆಯುದ್ದಕ್ಕೂ ಕುರ್ಚಿಗಳು, ಕಪ್ಪು ಬಟ್ಟೆ ತೊಟ್ಟ ಜನ, ಪಿಸುಮಾತೂ ಇಲ್ಲ. ಘಸ್ಸಾನ್ ತಾನೇ ಎಲ್ಲರಿಗೂ ಕಾಫಿ ಹಿಡಿಯುತ್ತಿದ್ದ. ಸಾವಿನ ಮನೆಯ ಕಾಫಿಗೆ ಅವರು ಸಕ್ಕರೆ ಹಾಕುವುದಿಲ್ಲ. ಕಹಿ ಗಂಟಲಿಗಿಳಿದಾಗ ಇವನಿಗೆ ಮುದುಕರ ಮುಖ ನೆನಪಾಯಿತು. ಅವರು ಕಲಿಸಿದ್ದನ್ನು ಅವರ ಮನೆಯಲ್ಲಾದರೂ ಸರಿಯಾಗಿ ಹೇಳಬೇಕು ಅನ್ನಿಸಿತು. ಬಟ್ಟಲು ಕೆಳಗಿಟ್ಟು, ಎಂಟು ತಿಂಗಳಲ್ಲಿ ಒಮ್ಮೆಯೂ ಬಾರದಷ್ಟು ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ದಾಯ್ಮೆ."

ಸಾವಿನ ಮನೆಯಲ್ಲಿ ನಿಂತು, ಇದು ಸದಾ ಹೀಗೇ ನಡೆಯಲಿ ಎಂದಿದ್ದ!

ಕುರ್ಚಿಗಳೆಲ್ಲ ಅವನ ಕಡೆ ತಿರುಗಿದವು. ಘಸ್ಸಾನನ ದವಡೆ ಬಿಗಿಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ಇಲ್ಲಿ ಅದನ್ನ ಹೇಳಬಾರದು. ದೇವರು ಅವರ ಮೇಲೆ ಕರುಣೆ ಇಡಲಿ ಅನ್ನಬೇಕು." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಜ್ಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಹರಿಪ್ರಸಾದ ಹೇಗೆ ಹೊರಬಂದನೋ ಅವನಿಗೇ ತಿಳಿಯದು.

ಆಮೇಲೆ ಅವನು ಆ ಬೀದಿಗೇ ಹೋಗಲಿಲ್ಲ. ಆಫೀಸಿನ ಇನ್ನೊಂದು ಬಾಗಿಲಿನಿಂದ ಓಡಾಡಿದ. ಮಧ್ಯಾಹ್ನ ಡೆಸ್ಕಿನಲ್ಲೇ ಕೂತು ತಣ್ಣಗಿನ ಬ್ರೆಡ್ಡು ತಿಂದ. ಮೊದಲೂ ಒಂಟಿಯೇ, ನಿಜ. ಆದರೆ ರುಚಿ ಕಂಡ ಮೇಲಿನ ಒಂಟಿತನ ಬೇರೆ. ಅದು ರಾತ್ರಿ ಹಗಲೆನ್ನದೆ ನೋಯಿಸುತ್ತದೆ.

ಡಿಸೆಂಬರಿನ ಒಂದು ಶನಿವಾರ ಬೆಲ್ ಆಯಿತು. ಬಾಗಿಲಲ್ಲಿ ನಜ್ಲಾ, ಅವಳ ಪಕ್ಕದಲ್ಲಿ ತಲೆಗೆ ಕಪ್ಪು ವಸ್ತ್ರ ಕಟ್ಟಿದ ತಾಯಿ, ಉಮ್ ಘಸ್ಸಾನ್.

"ಸಾವಿಗೆ ಬಂದವರ ಮನೆಗೆ ತಿರುಗಿ ಹೋಗದಿದ್ರೆ ಅಮ್ಮನಿಗೆ ಸಮಾಧಾನ ಇಲ್ಲ" ಎಂದಳು ನಜ್ಲಾ. "ನಲವತ್ತು ದಿನ ಮುಗೀಲಿ ಅಂತ ಕಾದ್ವಿ. ವಿಳಾಸ ನಿಮ್ಮ ಆಫೀಸಲ್ಲಿ ಕೇಳಿದೆ. ಒಳಗೆ ಕರೀತೀರೋ ಇಲ್ವೋ?"

ಅವನ ಮನೆಯಲ್ಲಿದ್ದುದು ಒಂದೇ ಸೋಫಾ. ತಾಯಿ ಮಗಳು ಅಲ್ಲಿ ಕೂತರು. ಅವನು ಎದುರಿನ ಟ್ರಂಕಿನ ಮೇಲೆ ಅಪರಾಧಿಯ ಹಾಗೆ ಕೂತ.

"ಆವತ್ತು ನಾನು..."

"ಆವತ್ತು ನಾನು ಒಳಗೆ ಹೋಗಿ ನಕ್ಕೆ" ಎಂದಳು ಅವಳು. "ನಗ್ತಾ ನಗ್ತಾ ಅಳು ಬಂತು. ಮೂರು ದಿನದಿಂದ ಅಳೂನೂ ಬಂದಿರ್ಲಿಲ್ಲ. ಅಪ್ಪ ಇದ್ದಿದ್ರೆ ನನಗಿಂತ ಜೋರಾಗಿ ನಗ್ತಿದ್ರು." ಅವಳ ದನಿ ಗಡುಸಾಯಿತು. "ಆ ಮಾತಿಗಲ್ಲ ನನಗೆ ಕೋಪ. ಆಮೇಲೆ ಬರ್ಲೇ ಇಲ್ವಲ್ಲ, ಅದಕ್ಕೆ. ದಿನಾ ಬಾಗಿಲು ನೋಡ್ತಿದ್ದೆ."

ಹರಿಪ್ರಸಾದ ಟ್ರಂಕಿನ ಚಿಲಕವನ್ನು ತೆಗೆದು ಹಾಕಿ ಮಾಡಿದ.

"ಅಂಗಡಿ ಮಾರಿದ್ವಿ. ನಾಳೆ ಅಣ್ಣನ ಮನೆಗೆ ಹೊರಡ್ತೀವಿ. ಷಾರ್ಲೆಟ್‌ಗೆ."

ನಾಳೆ! ಇಷ್ಟು ದಿನ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು. "ನಜ್ಲಾ, ನಾನು ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ. ಫೆಬ್ರವರಿಯಿಂದ."

ಅವಳ ಕಿವಿಯ ತುದಿ ಕೆಂಪಾಯಿತು. ತಾಯಿಯನ್ನು ಓರೆಗಣ್ಣಿನಿಂದ ನೋಡಿದಳು. ತಾಯಿಗೆ ಇಂಗ್ಲಿಷ್ ಬಾರದು, ಸದ್ಯ.

"ನಮ್ಮಲ್ಲಿ ಇದನ್ನ ಹೀಗೆ ಕೇಳಲ್ಲ. ಹುಡುಗನ ಕಡೆ ಹಿರಿಯರು ಮನೆಗೆ ಬಂದು ಕೇಳ್ಬೇಕು."

"ನಮ್ಮಲ್ಲೂ ಅಷ್ಟೆ. ಆದ್ರೆ ನನಗೆ ಹಿರಿಯರು ಅಂತ ಇದ್ದೋರು ಒಬ್ರೇ. ಅವರನ್ನ ನೀವು ಅಕ್ಟೋಬರಲ್ಲಿ ಮಣ್ಣು ಮಾಡಿದ್ರಿ."

ನಜ್ಲಾ ಮುಖ ತಿರುಗಿಸಿಕೊಂಡಳು. ತಾಯಿ ಮಗಳ ಮೊಣಕೈ ಹಿಡಿದು ಏನೆಂದು ಕೇಳಿದರು. ಅವಳು ಅರಬ್ಬಿಯಲ್ಲಿ ಹೇಳತೊಡಗಿದಳು. ಅರ್ಧಕ್ಕೆ ಬಂದ ಮೇಲೆ ಉಳಿದದ್ದನ್ನು ಪಿಸುಮಾತಿನಲ್ಲಿ ಮುಗಿಸಿದಳು.

ಉಮ್ ಘಸ್ಸಾನ್ ಒಮ್ಮೆ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಎದ್ದರು. ಹೊರಟುಬಿಟ್ಟರು ಎಂದುಕೊಂಡು ಹರಿಪ್ರಸಾದನೂ ಎದ್ದ. ಅವರು ಬಾಗಿಲ ಕಡೆ ಹೋಗಲಿಲ್ಲ. ನೇರ ಈಚೆ ಬಂದು, ಅವನ ಭುಜ ಒತ್ತಿ ಟ್ರಂಕಿನ ಮೇಲೆ ಕೂರಿಸಿ, ಅವನ ಪಕ್ಕದಲ್ಲೇ ಕೂತರು. ತಲೆವಸ್ತ್ರ ಸರಿಮಾಡಿಕೊಂಡು, ಹೆತ್ತ ಮಗಳ ಜೊತೆ ಅಪರಿಚಿತರೊಡನೆ ಆಡುವಷ್ಟು ಗೌರವದಿಂದ ಮಾತು ಶುರು ಮಾಡಿದರು.

ನಜ್ಲಾ ಬೆಪ್ಪಾಗಿ ನೋಡಿದಳು.

"ಏನಂತಿದ್ದಾರೆ?" ಎಂದ ಹರಿಪ್ರಸಾದ.

"ಅವರು... ಹುಡುಗನ ಕಡೆಯವರಂತೆ." ಅವಳು ಕಣ್ಣೊರೆಸಿಕೊಂಡಳು. "ಹುಡುಗ ಒಳ್ಳೆಯವನಂತೆ. ಓದಿದ್ದಾನಂತೆ, ಸ್ವಲ್ಪ ಪೆದ್ದನಂತೆ. ನಮ್ಮ ಮನೇಲಿ ಒಂದು ವರ್ಷ ಶೋಕ ಅಂತ ಅವರಿಗೆ ಗೊತ್ತಂತೆ, ಕಾಯ್ತಾರಂತೆ. ಹುಡುಗಿ ಅಣ್ಣ ಗದ್ದಲ ಮಾಡ್ತಾನೆ ಅಂತಾನೂ ಕೇಳಿದ್ದಾರಂತೆ. ಅವನನ್ನ ಅವರು ನೋಡ್ಕೋತಾರಂತೆ."

ಮುದುಕಿ ಗಲ್ಲ ಎತ್ತಿ ಉತ್ತರಕ್ಕೆ ಕಾದರು. ಸೋಫಾದಲ್ಲಿ ನಜ್ಲಾ ಒಬ್ಬಳೇ ಉಳಿದಿದ್ದಳು.

"ನನ್ನ ಕಡೆ ಯಾರೂ ಇಲ್ವಲ್ಲ ಈಗ" ಎಂದಳು, ನಗುತ್ತ, ಅಳುತ್ತ. ಆಮೇಲೆ ಹರಿಪ್ರಸಾದನನ್ನು ನೇರವಾಗಿ ನೋಡಿದಳು. "ವರ್ಷ ತುಂಬ್ಲಿ. ನಾನು ಒಪ್ಪಿದೀನಿ ಅಂತ ಆ ಹಿರಿಯರಿಗೆ ಹೇಳಿ."

ಹೇಳುವುದೇನೂ ಬೇಕಾಗಲಿಲ್ಲ. ಆ ಸಂಜೆ ಹೊರಡುವವರೆಗೂ ಉಮ್ ಘಸ್ಸಾನ್ ಸೋಫಾಕ್ಕೆ ವಾಪಸು ಹೋಗಲಿಲ್ಲ.