ರಾಜ್ಯದ ಕೊನೆಯ ಕನಸು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಒಂದರ ಜೊತೆ ಒಂದು ಮಾತಾಡುತ್ತಿದ್ದ ಕಾಲದಲ್ಲಿ, ಎಳ್ಳುಗಿರಿ ಎಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನೂ ಇದ್ದ, ಇರಲಿ. ನಾನು ಹೇಳಹೊರಟಿರುವುದು ಗಾಣದ ಮೈಲಾರಿಯ ಕತೆ. ಅಂಥ ಗಂಡು ಹಳ್ಳಿಯಲ್ಲೇ ಹುಟ್ಟಬೇಕು, ಅರಮನೆಯಲ್ಲಿ ಹುಟ್ಟುವ ಸರಕಲ್ಲ ಅದು.

ಮೈಲಾರಿ ಎಣ್ಣೆಗಾಣ ಹೊಡೆಯುವವನು. ಎತ್ತು ಸುತ್ತುತ್ತಿದ್ದರೆ ಗಾಣದ ಹಲಗೆಯ ಮೇಲೆ ಕೂತು ನಿದ್ದೆ ಹೊಡೆಯುತ್ತಿದ್ದ. ಎಂಥ ನಿದ್ದೆ! ಪಕ್ಕದಲ್ಲೇ ಸಿಡಿಲು ಬಿದ್ದರೆ ಮಗ್ಗುಲು ಬದಲಿಸುತ್ತಿದ್ದ, ಅಷ್ಟೇ.

ಒಂದು ದಿನ ಕರಿಜಡೆಯ ಜಂಬುಕ ಎಂಬ ಮಾಂತ್ರಿಕ ಇಡೀ ರಾಜ್ಯದ ನಿದ್ದೆಯನ್ನು ಸೆಳೆದು, ತೊಗಲಿನ ಚೀಲಕ್ಕೆ ತುಂಬಿ ಗಂಟು ಹಾಕಿದ. ರಾಜನ ನಿದ್ದೆ ಹೋಯಿತು. ಕೋಳಿಯ ನಿದ್ದೆ ಹೋಯಿತು. ಕೆರೆಯ ನಿದ್ದೆಯೂ ಹೋಗಿ ನೀರು ದಡದ ಮೇಲೆ ಹೊರಳಾಡಿತು. ಮಂತ್ರ ಮೈಲಾರಿಯನ್ನೂ ಹಿಡಿಯಲು ಬಂತು. ಅವನು ಗಾಣದ ಮೇಲೆ ಸುತ್ತುತ್ತಿದ್ದ. ಮಂತ್ರವೂ ಹಿಂದೆ ಹಿಂದೆ ಸುತ್ತಿತು. ಎತ್ತು ನಿಲ್ಲಲಿಲ್ಲ. ಕೊನೆಗೆ ಮಂತ್ರಕ್ಕೇ ತಲೆ ತಿರುಗಿ ಹಿಂಡಿಯ ರಾಶಿಯ ಮೇಲೆ ಬಿದ್ದು ಸತ್ತಿತು.

ಹೀಗೆ ಒಂಬತ್ತು ದಿನ ರಾಜ್ಯವೆಲ್ಲ ಎದ್ದೇ ಇತ್ತು, ಮೈಲಾರಿಯೊಬ್ಬ ಮಲಗಿದ್ದ. ಹತ್ತನೆಯ ದಿನ ಅಕ್ಕ ಸಂಕವ್ವ ತಿಂಗಳ ಕೂಸನ್ನು ಎದೆಗವಚಿಕೊಂಡು ಬಂದು, ತಂಬಿಗೆ ನೀರನ್ನು ಅವನ ಮುಖಕ್ಕೆ ಎರಚಿದಳು.

“ಏಳೋ ಸೋಮಾರಿ! ಒಂಬತ್ತು ದಿನದಿಂದ ಕೂಸು ರೆಪ್ಪೆ ಮುಚ್ಚಿಲ್ಲ. ಅಳೋಕೂ ತ್ರಾಣ ಇಲ್ಲ ನೋಡು.”

ಮೈಲಾರಿ ನೋಡಿದ. ಕೂಸಿನ ಕಣ್ಣು ಕೆಂಡದಂತಿದ್ದವು, ಮುಷ್ಟಿ ಬಿಚ್ಚಿಹೋಗಿತ್ತು. ಗಾಣದ ಹಲಗೆಯಿಂದ ಕೆಳಗೆ ಧುಮುಕಿದ.

ಸಂಕವ್ವ ನಡೆದುದನ್ನೆಲ್ಲ ಹೇಳಿದಳು. “ಆ ಜಂಬುಕ ಹನ್ನೆರಡು ವರ್ಷದ ಮೌನ ಹಿಡಿದಿದ್ದಾನಂತೆ. ಇವತ್ತು ಹೊತ್ತು ಮುಳುಗಿದರೆ ತುಂಬ್ತು, ಆಮೇಲೆ ಚೀಲದ ಗಂಟು ಯಾವತ್ತೂ ಬಿಚ್ಚಲ್ಲ. ಅಷ್ಟರೊಳಗೆ ಅವನು ಬಾಯಿ ಬಿಟ್ಟರೆ ಸಾಕು, ಗಂಟು ತಾನೇ ಬಿಚ್ಚುತ್ತೆ. ರಾಜನ ದಂಡು ಹೋಯ್ತು, ಪಂಡಿತರು ಹೋದರು. ಅವನು ತುಟಿ ಪಿಟಕ್ಕೆನ್ನಲಿಲ್ಲ.”

“ಅವರ ಕೈಲೇನಾಗುತ್ತೆ? ನಾನು ಹೋಗ್ತೀನಿ.”

“ನೀನಾ? ನಿದ್ದೆ ಬಿಟ್ಟರೆ ನಿನಗೇನೋ ಬರುತ್ತೆ?”

“ಇವತ್ತು ಅದು ಬರೋದು ನನಗೊಬ್ಬನಿಗೇ ಕಣಕ್ಕ!” ಎಂದು ಮೀಸೆ ತಿರುವಿ ಹೊರಟ.

ಜಂಬುಕನ ಗವಿಯ ಬಾಗಿಲಲ್ಲಿ ಮೂರು ತಲೆಯ ಹುಲಿ ಮಲಗಲಾರದೆ ಒದ್ದಾಡುತ್ತಿತ್ತು.

“ತಿನ್ನುತ್ತೇನೆ,” ಎಂದಿತು ಮೊದಲ ತಲೆ.

“ತಿನ್ನು. ಆದರೆ ಇವತ್ತು ನನಗೊಂದು ಕನಸು ಬಿತ್ತು. ಅದೂ ನನ್ನ ಜೊತೆಗೇ ನಿನ್ನ ಹೊಟ್ಟೆ ಸೇರುತ್ತೆ, ಪರವಾಗಿಲ್ಲವಾ?”

“ಕನಸಾ?” ಮೂರೂ ತಲೆ ಒಟ್ಟಿಗೆ ಎದ್ದವು. “ಹೇಳು ಹೇಳು!”

ಮೈಲಾರಿ ಮುಂದೆ ಕೂತು ಶುರು ಮಾಡಿದ. ಒಂದೊಂದು ಮಾತಿಗೂ ಮೊದಲ ತಲೆ “ಹೂಂ” ಎಂದಿತು, ನಡುವಿನದು “ಹೂಂ” ಎಂದಿತು, ಕೊನೆಯದು “ಹೂಂ” ಎಂದಿತು. ಹೂಂಗುಟ್ಟುತ್ತಾ ಹೂಂಗುಟ್ಟುತ್ತಾ ಅವನು ದಾಟಿ ಒಳಗೆ ಹೋದದ್ದೂ ಅದಕ್ಕೆ ತಿಳಿಯಲಿಲ್ಲ.

ಒಳಗೆ ಜಂಬುಕ ಚೀಲದ ಮೇಲೆ ಕೂತಿದ್ದ. ಜಡೆ ಗವಿಯ ತುಂಬ ಬೇರು ಬಿಟ್ಟಿತ್ತು.

ಮೈಲಾರಿ ಮೊದಲು ಬೈದ. ಗಾಣದ ಬೀದಿಯ ಬೈಗುಳ ಎಂದರೆ ಸಾಮಾನ್ಯವಲ್ಲ, ಗೋಡೆಯ ಬಾವಲಿಗಳು ಕಿವಿ ಮುಚ್ಚಿಕೊಂಡವು. ಜಂಬುಕ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಕೆಂಜಿರುವೆಯ ಗೂಡು ತಂದು ಅವನ ತೊಡೆಯ ಮೇಲೆ ಕೊಡವಿದ. ಜಂಬುಕನ ಕಣ್ಣಲ್ಲಿ ನೀರು ಬಂತು. ತುಟಿ ಪಿಟಕ್ಕೆನ್ನಲಿಲ್ಲ.

ಗವಿಯ ಬಾಯಲ್ಲಿ ಬಿಸಿಲು ಕೆಂಪಾಗತೊಡಗಿತು. ಮೈಲಾರಿಗೆ ಕೂಸಿನ ಕಣ್ಣು ನೆನಪಾದವು. ಹೊರಗೆ ಹುಲಿ ಇನ್ನೂ “ಹೂಂ, ಹೂಂ” ಎನ್ನುತ್ತಲೇ ಇತ್ತು. ‘ಕತೆ ಹೇಳಿದರೆ ಹುಲಿಯೇ ಹೂಂಗುಟ್ಟುತ್ತೆ. ಇವನೂ ಒಬ್ಬ ಅಜ್ಜಿಯ ಪಕ್ಕ ಮಲಗಿ ಬೆಳೆದವನೇ ತಾನೇ?’ ಎಂದುಕೊಂಡು ಚಕ್ಕಳಮಕ್ಕಳ ಹಾಕಿ ಕೂತ.

“ಕೇಳು ಜಂಬುಕಣ್ಣ. ಕನಸಿನಲ್ಲಿ ನಾನು ಎಳ್ಳು ಹಾಕಿ ಗಾಣ ಹೊಡೀತಿದ್ದೆ. ಎಣ್ಣೆ ಬರಲಿಲ್ಲ. ಹಳದಿ ಹೊಳೆ ಬಂತು. ಹೊಳೆಯಲ್ಲಿ ಮೀನುಗಳ ದಿಬ್ಬಣ. ಒಂದೊಂದು ಮೀನಿನ ಬಾಲಕ್ಕೂ ಕಾಲ್ಗೆಜ್ಜೆ. ಮದುಮಗ ಏಡಿ.”

ಜಂಬುಕನ ಗಂಟಲು ಅಲುಗಿತು.

“ಏಡಿಗೆ ಮುಂಡಾಸು ಇಲ್ಲ. ಮುಂಡಾಸಿಲ್ಲದವನಿಗೆ ಹೆಣ್ಣು ಕೊಡಲ್ಲ ಅಂತ ಕಪ್ಪೆ ಮಾವ ಕೂತುಬಿಟ್ಟ. ಏಡಿ ಅಳ್ತಾ ಬೆಟ್ಟದ ಹತ್ರ ಹೋಯ್ತು. ಬೆಟ್ಟ ತನ್ನ ಮೋಡದ ಮುಂಡಾಸು ಬಿಚ್ಚಿ ಕೊಡ್ತು. ಅದು ಬಿಚ್ಚಿತು, ಬಿಚ್ಚಿತು, ಮುಗೀಲೇ ಇಲ್ಲ. ನಾನು ಅದರ ಮೇಲೇ ನಡೆದು ಹೋದೆ. ತುದಿಯಲ್ಲೊಂದು ಬಾಗಿಲು.”

ಜಂಬುಕ ಮುಂದಕ್ಕೆ ಬಾಗಿದ. ಹನ್ನೆರಡು ವರ್ಷದಿಂದ ಅವನ ಜೊತೆ ಯಾರೂ ಹೀಗೆ ಮಾತಾಡಿರಲಿಲ್ಲ.

“ಬಾಗಿಲು ತಳ್ಳಿದೆ. ಒಳಗೊಬ್ಬಳು ಮುದುಕಿ, ಬೆನ್ನು ನನ್ನ ಕಡೆ. ಬೆಳ್ಳಿ ತೊಟ್ಟಿಲು ತೂಗ್ತಿದ್ದಾಳೆ. ‘ಬಂದೆಯಾ, ಇದರಲ್ಲಿರೋದು ಯಾರು ನೋಡು’ ಅಂದಳು. ನಾನು ತೊಟ್ಟಿಲ ಬಟ್ಟೆ ಸರಿಸಿ ಬಗ್ಗಿ ನೋಡಿದೆ...”

ಮೈಲಾರಿ ಮಾತು ನಿಲ್ಲಿಸಿ, ಕಿವಿ ತುರಿಸಿಕೊಂಡು, ಹೆಗಲ ವಸ್ತ್ರ ಕೊಡವಿ ಎದ್ದು ನಿಂತ.

“ಹೂಂ, ಆಮೇಲೆ?” ಎಂದ ಜಂಬುಕ. “ಯಾರಿದ್ದರೋ ತೊಟ್ಟಿಲಲ್ಲಿ?”

“ಗೊತ್ತಿಲ್ಲಪ್ಪ. ಅಷ್ಟರಲ್ಲಿ ಅಕ್ಕ ನೀರು ಎರಚಿಬಿಟ್ಟಳು!”

ಗಂಟು ಬಿಚ್ಚಿತು. ಚೀಲದಿಂದ ನಿದ್ದೆ ಹತ್ತಿಯ ಹಾಗೆ ಉಕ್ಕಿ ಹೊರಗೆ ಹರಿಯಿತು. ಮೊದಲು ಸಿಕ್ಕವನು ಜಂಬುಕನೇ. ಬಿಟ್ಟ ಬಾಯಿ ಮುಚ್ಚುವ ಮುಂಚೆ ಗೊರಕೆ ಹೊಡೆದ. ಅವನ ಮಂತ್ರವೆಲ್ಲ ಜಡೆಯ ಜೊತೆ ಉದುರಿಹೋಯಿತು. ಹುಲಿ ಮೂರು ತಲೆಯನ್ನೂ ಒಂದೇ ಪಂಜದ ಮೇಲಿಟ್ಟು ಮಲಗಿತು. ಕಾವಲುಗಾರರು ಈಟಿಗೆ ಒರಗಿ ಮಲಗಿದರು, ರಾಜ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಮಲಗಿದ.

ಎಚ್ಚರವಿದ್ದವನು ಮೈಲಾರಿಯೊಬ್ಬನೇ. ಒಂಬತ್ತು ದಿನ ಮಲಗಿದವನಿಗೆ ಎಲ್ಲಿಯ ನಿದ್ದೆ? ತಾನು ಗೆದ್ದದ್ದನ್ನು ಸಾರಬೇಕೆಂದು ಊರಿಗೆ ಓಡಿ ಬಂದ. ಕೇಳಲು ಒಂದು ನಾಯಿಯೂ ಎದ್ದಿರಲಿಲ್ಲ. ಸಂಕವ್ವನ ಮನೆಗೆ ನುಗ್ಗಿ, “ಅಕ್ಕಾ, ನಾನು...” ಎನ್ನಹೊರಟವನು ಹೊಸ್ತಿಲಲ್ಲೇ ನಿಂತ.

ಸಂಕವ್ವ ನೆಲದ ಮೇಲೆ ಒರಗಿ ನಿದ್ದೆಹೋಗಿದ್ದಳು. ತೊಟ್ಟಿಲಲ್ಲಿ ಕೂಸು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ನಿದ್ದೆಯಲ್ಲೇ ನಗುತ್ತಿತ್ತು.

ಅಷ್ಟು ದೊಡ್ಡ ಮಾತುಗಾರ ಮೈಲಾರಿ ಮಾತನ್ನೆಲ್ಲ ನುಂಗಿಕೊಂಡು, ಸದ್ದಾಗದಂತೆ ಕೂತು ತೊಟ್ಟಿಲ ಹಗ್ಗ ಹಿಡಿದ. ಮೂರು ದಿನ ಹಾಗೇ ತೂಗಿದ. ಹುಲಿಯನ್ನು ದಾಟಿದ್ದು ದೊಡ್ಡದೋ ಇದು ದೊಡ್ಡದೋ ನೀವೇ ಹೇಳಿ.

ನಾಲ್ಕನೆಯ ಬೆಳಗ್ಗೆ ಕೂಸು ಎದ್ದು ಕಿಟಾರನೆ ಕಿರುಚಿತು. ಆಗ ಬಾಯಿ ತೆರೆದ ಮೈಲಾರಿ ಇನ್ನೂ ಮುಚ್ಚಿಲ್ಲವಂತೆ. ಎಳ್ಳುಗಿರಿಯಲ್ಲಿ ಎಲ್ಲರೂ ಹೊತ್ತಿಗೆ ಉಂಡು, ಹೊತ್ತಿಗೆ ಮಲಗಿ, ಸುಖವಾಗಿದ್ದಾರೆ.