ಗಿರಣಿಗೆ ಬಂದ ಬಿಳಿ ಅಂಗಿ

ನೋಡಲು ಬಂದವನು ತಾನು ನೋಡಲು ಬಂದಿದ್ದೇನೆ ಎಂದು ಹೇಳಬಾರದು. ನೋಡಿಸಿಕೊಳ್ಳುವವಳು ತನಗೆ ಗೊತ್ತಿದೆ ಎಂದು ತೋರಿಸಬಾರದು. ಸಂಘಮಿತ್ರಾಳನ್ನು ಸಾಕಿ ಬೆಳೆಸಿದ ಚಿಗವ್ವ ಸೌಭಾಗ್ಯಳ ಕಾಯಿದೆ ಅದು. ಬೀಗರು ಮನೆಗೆ ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ಆಮೇಲೆ ಬೇಡ ಅಂದರೆ ಹುಡುಗಿಯ ಹೆಸರು ಓಣಿಯ ಬಾಯಿಗೆ ಬೀಳುತ್ತದೆ. ಅದಕ್ಕೇ ಮೊದಲು ನಾಲ್ಕು ಜನರ ನಡುವೆ ನಿಂತು, ಸುಮ್ಮನೆ ನೋಡಿ ಹೋಗಬೇಕು.

“ಫೋಟೋನಾರ ತೋರಸ ಚಿಗವ್ವಾ.”

“ಫೋಟೋದಾಗ ಎಮ್ಮಿನೂ ಚಂದ ಕಾಣ್ತೈತಿ. ನಿಡೋಣಿ ಹುಡುಗ, ಪರಮೇಶ್ವರ ಅಂತ. ತಿಕೋಟಾದ ಬ್ಯಾಂಕಿನ್ಯಾಗ ನೌಕರಿ. ಬಿಳಿ ಅಂಗಿ, ಕಣ್ಣಿಗೆ ಚಾಳೀಸು. ನಾಳಿ ನಿನ್ನ ಗಿರಣಿಗೆ ಬರ್ತಾನ. ಸಂಜಿ ಒಳಗ ಹೂಂನೋ ಉಹೂಂನೋ ಹೇಳು. ಈ ಸಲ ಹೂಂ ಅಂದ್ರ ನನ್ನ ಮಾತು ಅವರಿಗೆ ಹೋತು ಅಂತ ತಿಳಕೋ. ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ.”

ಆ ರಾತ್ರಿ ಸಂಘಮಿತ್ರಾಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಹೊರಳಿದತ್ತೆಲ್ಲ ಬಿಳಿ ಅಂಗಿ.

ವರ್ಷಕ್ಕೊಂದು ಭಾನುವಾರ ವಿಜಯಪುರದ ಮುಚ್ಚಿದ ಬಾಗಿಲುಗಳು ತೆರೆಯುತ್ತವೆ. ಹಳೇ ವಾಡೆಗಳನ್ನು, ಕಲಾವಿದರ ಕೋಣೆಗಳನ್ನು ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಹತ್ತಿ ಗಿರಣಿಯನ್ನು ತೋರಿಸುವ ಕೆಲಸ ಸಂಘಮಿತ್ರಾಳದು. ಅಲ್ಲೀಗ ಹತ್ತಿ ಇಲ್ಲ. ಚಿತ್ರ ಬರೆಯುವವರು, ಮಣ್ಣಿನ ಕೆಲಸದವರು ಒಂದೊಂದು ಮೂಲೆ ಬಾಡಿಗೆಗೆ ಹಿಡಿದಿದ್ದಾರೆ. ಸಾಲೆಯಲ್ಲಿ ಚಿತ್ರಕಲೆ ಕಲಿಸುವ ಅವಳದೂ ಒಂದು ಮೂಲೆ ಇದೆ.

ಆ ಭಾನುವಾರ ಬೆಳಗಿನಿಂದ ಅವಳ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಗಿರಣಿಯ ಚರಿತ್ರೆ ಹೇಳುವಾಗ ಎರಡು ಸಲ ತಪ್ಪಿದಳು. ಅಷ್ಟರಲ್ಲಿ ಅವನು ಬಂದ. ಬಿಳಿ ಅಂಗಿ, ಚಾಳೀಸು. ತಗಡಿನ ತೂತಿನಿಂದ ಬಿದ್ದ ಬಿಸಿಲು ಅವನ ಭುಜದ ಮೇಲೆ ಕೂತಿತ್ತು.

“ಯಾ ಕಡಿಂದ ಬಂದ್ರಿ?”

“ತಿಕೋಟಾದಿಂದ್ರಿ.”

ಹೆಸರು ಕೇಳುವಂತಿಲ್ಲ, ಕೇಳಿದರೆ ಆಟ ಮುಗಿದಂತೆ. ಆದರೆ ನೋಡುವ ಹಕ್ಕು ಅವನೊಬ್ಬನಿಗೇ ಯಾಕಿರಬೇಕು? ಸಂಘಮಿತ್ರಾ ಗುಂಪನ್ನು ನಡೆಸಿಕೊಂಡು ಹೋಗುತ್ತ ಅವನ ಪಕ್ಕಕ್ಕೇ ಸರಿದಳು.

“ಇಲ್ಲಿ ಹೆಣ್ಮಕ್ಕಳು ಸೂರ್ಯ ಮುಳುಗೂ ತನಕ ಹತ್ತಿ ಬಿಡಸ್ತಿದ್ರು. ಹೆಂಗಸರು ಮನಿ ಹೊರಗ ದುಡಿಯೋದು ನಿಮಗ ಹೆಂಗನಸ್ತೈತ್ರಿ?”

ಅವನು ಕಣ್ಣು ಪಿಳುಕಿಸಿದ. “ಚಲೋ ಅನಸ್ತೈತ್ರಿ.”

“ಮನಿಗೆ ಬಂದ ಮ್ಯಾಲ ರೊಟ್ಟಿ ಯಾರು ಬಡೀಬೇಕು?”

“ಇದನ್ನ ಎಲ್ಲಾರಿಗೂ ಕೇಳ್ತೀರೇನ್ರಿ?”

“ಕೆಲವರಿಗೆ.”

“ನನಗ ರೊಟ್ಟಿ ಬರಂಗಿಲ್ರಿ. ಆದ್ರ ಪುಂಡಿಪಲ್ಲೆ ನಾ ಮಾಡಿದ್ದು ನಮ್ಮವ್ವಗ ಸೇರ್ತೈತಿ.”

ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಒಟ್ಟಿಗೇ ಬೇರೆ ಕಡೆ ತಿರುಗಿದರು.

ಅವಳ ಮೂಲೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂತ ಹೆಂಗಸರು. ಉಳಿದವರು ಚಂದ ಇದೆ ಅಂದು ಮುಂದೆ ಹೋದರು. ಅವನು ನಿಂತ.

“ಈಕಿ ಒಬ್ಬಾಕಿನ ಬಾಗಲಾ ಕಡೆ ಯಾಕ ನೋಡಾಕತ್ತಾಳ್ರಿ?”

ಆ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. “ಆಕಿಗೆ ಕುಂತಲ್ಲೆ ಕುಂದ್ರಾಕ ಆಗಂಗಿಲ್ಲ,” ಅಂದಳು. ಅಂದಮೇಲೆ ತನ್ನದೇ ಮಾತು ಎದೆಗೆ ತಟ್ಟಿತು.

“ನನಗೂ,” ಅಂದ ಅವನು, ಮೆಲ್ಲಗೆ.

ಮಧ್ಯಾಹ್ನ ಗುಂಪು ಬಾರಾ ಕಮಾನಿನ ಕಡೆ ಹೊರಟಾಗ ಸಂಘಮಿತ್ರಾ ಹಿಂದೆ ಉಳಿದು ಚಿಗವ್ವನಿಗೆ ಫೋನ್ ಮಾಡಿದಳು.

“ಹೂಂ.”

“ಏನ್ ಹೂಂ? ಮಾತು ಪೂರಾ ಆಡಬೇ.”

“ಒಪ್ಪಿಗಿ ಅಂತ.”

ಆ ಕಡೆ ಚಿಗವ್ವ ಮೂಗು ಏರಿಸಿದ್ದು ಕೇಳಿಸಿತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ ಎಂದು ಇವಳಿಗೆ ಗೊತ್ತು.

ಅವಳು ಬಾರಾ ಕಮಾನಿನಲ್ಲಿ ಗುಂಪನ್ನು ಸೇರಿಕೊಂಡಾಗ ಕಟ್ಟಿ ಮುಗಿಸದ ಕಪ್ಪು ಕಮಾನುಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಅವಳು ಈಗ ಅವನ ಪಕ್ಕ ನಿಂತು ಧೈರ್ಯವಾಗಿ ಕೇಳಿದಳು:

“ನಿಮ್ಮವ್ವನೂ ಬಂದಾರೇನ್ರಿ? ಎಲ್ಲೆರೆ ಮರಿಗೆ ನಿಂತು ನೋಡಾಕತ್ತಾರೇನು?”

ಅವನ ಮುಖದ ನಗು ಮೊದಲು ಅರಳಿತು, ಆಮೇಲೆ ನಿಧಾನಕ್ಕೆ ಇಳಿಯಿತು. ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದ.

“ನಾ ಅವ ಅಲ್ರಿ.”

“ಯಾರಲ್ಲ?”

“ನೀವು ಯಾರು ಅಂತ ತಿಳದೀರೋ ಅವ. ನನ್ನ ಹೆಸರು ಸಮ್ಯಕ್. ತಿಕೋಟಾದಾಗ ಒಣದ್ರಾಕ್ಷಿ ಡಬ್ಬಿಗೆ ಚಿತ್ರ ಬರದು ಛಾಪಾ ಹಾಕ್ತೀನಿ. ಗಿರಣ್ಯಾಗ ಒಂದು ಮೂಲಿ ಬಾಡಿಗಿಗೆ ಸಿಗ್ತೈತೇನು ಅಂತ ಕೇಳಾಕ ಬಂದಿದ್ದೆ.”

ಸಂಘಮಿತ್ರಾ ಕಲ್ಲಿನ ಮೇಲೆ ಕೂತಳು. “ನಿಮಗ ಯಾವಾಗ ತಿಳೀತು?”

“ರೊಟ್ಟಿ ಮಾತಿಗೆ.”

“ಅವಾಗ ಹೇಳಬಾರದಿತ್ತೇನು?”

“ಹೇಳಿದ್ರ ನೀವು ಅತ್ಲಾಗ ಹೋಗ್ತಿದ್ರಿ.”

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಮಿಸುಕಾಡುತ್ತಿತ್ತು, ಅದೇ ಹೆಚ್ಚು ಹೆದರಿಸಿತು. ಅವಳು ಮತ್ತೆ ಫೋನ್ ತೆಗೆದಳು.

ಚಿಗವ್ವ ಎಲ್ಲ ಕೇಳಿದಳು.

“ನಾ ನಿಡೋಣಿಗೆ ಮಾತು ಕಳಿಸಿ ಆತು ಬೇ. ಅವರೂ ಹೂಂ ಅಂದಾರ. ಈಗ ನಾ ಯಾ ಬಾಯಿಲೆ ಬ್ಯಾಡ ಅಂತ ಹೇಳ್ಲಿ?”

“ನೀ ಹೇಳಬ್ಯಾಡ. ತಪ್ಪು ನನ್ನದು. ನಾನ ಹೋಗಿ ಹೇಳ್ತೀನಿ.”

“ಹುಡುಗಿ ತಾನ ಹೋಗಿ ಬ್ಯಾಡ ಅನ್ನೋದು ಎಲ್ಲೆರೆ ಐತೇನು?”

“ಫೋನಿನ್ಯಾಗ ಅಂದ್ರ ಅವರಿಗೆ ಅವಮಾನ, ನಿನಗೂ.”

“ಹೋಗು ಮತ್ತ. ಚಪ್ಪಲಿ ಹೊರಗ ಬಿಡು, ತಲಿ ಬಗ್ಗಿಸಿ ಮಾತಾಡು,” ಅಂದಳು ಚಿಗವ್ವ. ಬೈಗುಳವೋ ಅಪ್ಪಣೆಯೋ ತಿಳಿಯಲಿಲ್ಲ.

ನಿಡೋಣಿಯ ದಾರಿಯಲ್ಲಿ ಬಬಲೇಶ್ವರದವರೆಗೆ ಸಮ್ಯಕ್ ಅವಳದೇ ಬಸ್ಸಿನಲ್ಲಿ ಬಂದ, ಎರಡು ಸೀಟು ಹಿಂದೆ. ಅವಳು ಕರೆಯಲಿಲ್ಲ, ಬೇಡವೂ ಅನ್ನಲಿಲ್ಲ. ಸ್ಟ್ಯಾಂಡಿನಲ್ಲಿ ಅವನು ಇಳಿದು ನಿಂತ. ಅವಳು ನಿಡೋಣಿಯ ಬಸ್ಸು ಹತ್ತಿದಳು.

ಪರಮೇಶ್ವರನ ತಾಯಿ ಮಾಳವ್ವ ಬಾಗಿಲು ತೆಗೆದವಳು ಸೊಸೆಯೇ ಬಂದಳೆಂದು ಅರಳಿದಳು. ಆ ಮುಖಕ್ಕೆ ನಿಜ ಹೇಳುವುದು ಕಷ್ಟವಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ಮಾಳವ್ವ ಒಳಗೆ ಎದ್ದು ಹೋದಳು. ಪಡಸಾಲೆಯಲ್ಲಿ ಕೂತಿದ್ದ ಪರಮೇಶ್ವರ ನೆಲ ನೋಡುತ್ತಿದ್ದ.

“ನೀವು ಬಂದಿದ್ರೇನ್ರಿ ಗಿರಣಿಗೆ?” ಅವಳಿಗೆ ಕೇಳದೆ ಇರಲಾಗಲಿಲ್ಲ.

“ಬಂದಿದ್ದೆ. ಬಿಳಿ ಅಂಗಿ ಒಗದಿದ್ದು ಒಣಗಿರಲಿಲ್ಲ, ನೀಲಿ ಹಾಕ್ಕೊಂಡು ಬಂದೆ.” ಅವನು ಸಣ್ಣಗೆ ನಕ್ಕ. “ನಿಮ್ಮ ಬೆನ್ನ ಹಿಂದನ ಇದ್ದೆ. ನೀವು ಒಮ್ಮೆರೆ ತಿರುಗಿ ನೋಡಲಿಲ್ಲ. ನಿಮ್ಮ ನಗಿ ಚಂದ ಇತ್ತು ಅಂತ ನಾ ಹೂಂ ಅಂದೆ. ಆ ನಗಿ ಯಾರ ಸಲುವಾಗಿ ಅಂತ ವಿಚಾರ ಮಾಡಲಿಲ್ಲ.”

ಮಾಳವ್ವ ಚಹಾ ತಂದಿಟ್ಟಳು. ಸಂಘಮಿತ್ರಾ ಹೊರಡಲು ಎದ್ದಾಗ ಮಾಳವ್ವ ಅಂದಳು: “ನಿಮ್ಮ ಚಿಗವ್ವಗ ಹೇಳು, ನಮಗೇನ್ ಸಿಟ್ಟಿಲ್ಲ ಅಂತ. ಇವತ್ತು ಐತಿ. ನಾಳಿಗೆ ಹೋಗ್ತೈತಿ.”

ಬಬಲೇಶ್ವರದ ಸ್ಟ್ಯಾಂಡಿಗೆ ಮರಳಿದಾಗ ಹೊತ್ತು ಇಳಿದಿತ್ತು. ಸಮ್ಯಕ್ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ. ಅವಳನ್ನು ಕಂಡು ನಿಂತ.

“ಏನಂದ್ರು?”

“ನಾವು ತಿರುಗಿ ನೋಡಲಾರದ ಮನಷ್ಯಾಗ ನೋವು ಮಾಡೀವಿ,” ಅಂದಳು ಸಂಘಮಿತ್ರಾ. “ನೀವು ಗಿರಣ್ಯಾಗನ ಹೇಳಿದ್ರ ಇಷ್ಟು ಆಗತಿರಲಿಲ್ಲ. ಅರ್ಧಾ ದಿನ ಸುಳ್ಳು ಹೇಳಿದ್ರಿ.”

“ಸುಳ್ಳು ಹೇಳಿಲ್ರಿ. ಸುಮ್ಮನಿದ್ದೆ.”

“ಸಂಸಾರದಾಗ ಬಹಳ ಸುಳ್ಳು ಹಂಗ ಇರ್ತಾವ.”

ಅವನು ತಲೆ ತಗ್ಗಿಸಿದ. ವಿಜಯಪುರದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಇಬ್ಬರೂ ಕದಲಲಿಲ್ಲ.

“ಹಂಗಾರ ಈಗ ಹೇಳ್ತೀನ್ರಿ,” ಅಂದ ಸಮ್ಯಕ್. “ಮೂಲಿ ಕೇಳಾಕ ಬಂದಿದ್ದೆ. ಈಗ ಆ ಮೂಲಿ ಸಿಗಲಿಲ್ಲಂದ್ರೂ ನಡೀತೈತಿ. ನೀವು ಸಿಗಲಿಲ್ಲಂದ್ರ ನಡಿಯಂಗಿಲ್ಲ.”

ಅವಳು ಅವನನ್ನೇ ನೋಡಿದಳು. ಬೆಳಗಿನಿಂದ ಮೊದಲ ಸಲ ಅವಳ ಕಣ್ಣು ಒಂದೇ ಕಡೆ ನಿಂತಿತ್ತು.

“ಹೂಂ ಅಂತ ಇವತ್ತೊಮ್ಮೆ ಅವಸರದಾಗ ಅಂದು ಕೆಟ್ಟೀನಿ,” ಅಂದಳು. “ನಿಮಗ ಹಂಗ ಅನ್ನಂಗಿಲ್ಲ. ವಿಚಾರ ಮಾಡ್ತೀನಿ.”

ಅವನ ಮುಖ ಬಾಡಿತು. ಅವಳು ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ಕೈ ಇಟ್ಟು ಹಿಡಿದಳು. ಹೊರಗೆ ನಿಂತವನಿಗೆ ಕೇಳುವಂತೆ ಅಂದಳು:

“ವಿಜಯಪುರ ಮುಟ್ಟೂ ತನಕ ವಿಚಾರ ಮಾಡ್ತೀನಿ. ಬರ್ರಿ, ಹತ್ತರಿ.”