ಸಹಿ ಹಾಕದ ವರ್ಷ

"ನಿಮ್ಮ ಕೈಯಿಂದ ನನಗೇನೂ ಬೇಡ!"

ಮಾರ್ವಾಳ ಮಾತಿಗೆ, ಚಿಲಿ ಎಂಬ ಮಾಂಸ-ಬೀನ್ಸಿನ ಖಾರದ ಸಾರು ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. ನೆಬ್ರಾಸ್ಕಾದ ಆ ಪುಟ್ಟ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆ ಊರೇ ಊಟಕ್ಕೆ ಕೂತಿತ್ತು. ಎಲ್ಲರ ಕಿವಿಯೂ ಇತ್ತಲೇ!

ವರ್ಷದ ಮೇಲೆ ಮಾರ್ವಾ ಅವನನ್ನು ನೋಡುತ್ತಿದ್ದಳು. ಗ್ರೇಡನ್ ಹಾಲ್ಬರ್ಗ್... ಅದೇ ಸವೆದ ಸ್ವೆಟರ್, ಅದೇ ಕಣ್ಣು. ಅವಳ ಎದೆ ಢವಢವ ಹೊಡೆದುಕೊಂಡಿತು. ಹಾಳಾದ ಎದೆ, ಇದಕ್ಕೆ ಮಾನವೇ ಇಲ್ಲ!

ಮನಸ್ಸು ನೊಂದವರಿಗೆ ಕೌನ್ಸೆಲರ್ ಆಗಲು ಓದಿ ಪರೀಕ್ಷೆ ಪಾಸಾದರೆ ಸಾಲದು, ರಾಜ್ಯದ ಲೈಸೆನ್ಸ್ ಬೇಕು. ಅದಕ್ಕಾಗಿ ಅನುಭವಸ್ಥರೊಬ್ಬರ ಕೈಕೆಳಗೆ ದುಡಿದು, ದುಡಿದ ಗಂಟೆಗಳಿಗೆಲ್ಲ ಅವರ ಸಹಿ ಪಡೆಯಬೇಕು. ಮಾರ್ವಾಳಿಗೆ ಆ ಮೇಲ್ವಿಚಾರಕ ಗ್ರೇಡನ್. ಮೊದಲ ವರ್ಷಕ್ಕೆ ಸಹಿ ಹಾಕಿದ. ಎರಡನೆಯದು ಮುಗಿಯುವ ಹೊತ್ತಿಗೆ, "ಇನ್ನು ನನ್ನಿಂದಾಗಲ್ಲ" ಎಂದು ಎದ್ದು ಹೋದ. ಕಾರಣ ಹೇಳಲಿಲ್ಲ. ಆ ವರ್ಷದ ಗಂಟೆಗಳೆಲ್ಲ ನೀರುಪಾಲು!

ಆ ವರ್ಷವನ್ನು ಅವಳು ಇನ್ನೊಬ್ಬರ ಕೈಕೆಳಗೆ ಮತ್ತೆ ದುಡಿದಳು. ಬೇರೆಯವರ ಕಣ್ಣೀರು ಒರೆಸಿ ಬಂದು, ಕಾರಿನಲ್ಲಿ ಕೂತು ತಾನು ಅಳುತ್ತಿದ್ದಳು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ...?

ನಿನ್ನೆ ಲೈಸೆನ್ಸ್ ಬಂದಿತ್ತು.

ತಟ್ಟೆ ಬಿಟ್ಟು ಹೊರಗೆ ನಡೆದವಳ ಹಿಂದೆಯೇ ಗ್ರೇಡನ್ ಬಂದ. ಹಿಮ ಬೀಳುತ್ತಿತ್ತು.

"ಲೈಸೆನ್ಸ್ ಬಂತಂತೆ..."

"ಬಂತು. ನೀವು ಲಾಯಕ್ಕಿಲ್ಲ ಅಂದವಳಿಗೇ!"

"ನಾನ್ಯಾವಾಗ ಹಾಗಂದೆ?"

"ಬಾಯಿ ಬಿಟ್ಟು ಏನಂದ್ರಿ ನೀವು? ಊರಿಗೆಲ್ಲ 'ಮನಸ್ಸಲ್ಲಿರೋದು ಹೇಳ್ಕೊಳ್ಳಿ' ಅಂತೀರಿ. ನಿಮಗೇನಾಗಿತ್ತು ದಾಡಿ?"

ಅವನು ತಲೆ ತಗ್ಗಿಸಿದ. "ನಾವು ಪ್ರೀತಿಸೋರ ಗಂಟೆಗಳಿಗೆ ಸಹಿ ಹಾಕೋ ಹಾಗಿಲ್ಲ, ಮಾರ್ವಾ. ಅದು ನಿಯಮ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಲೈಸೆನ್ಸ್ ಕೊಡೋ ಬೋರ್ಡಿಗೆ ಹೇಳ್ದೆ. ಯಾವತ್ತಿಂದ ಅಂತ ಕೇಳಿದ್ರು. ನಿಜಾನೇ ಹೇಳ್ದೆ."

"ಯಾವತ್ತಿಂದ?"

"ನಿಮ್ಮ ಹತ್ರ ಕೌನ್ಸೆಲಿಂಗಿಗೆ ಬಂದು ವರ್ಷವಿಡೀ ಬಾಯಿ ಬಿಡದ ಆ ಅಜ್ಜಿ ನಿಮ್ಮೆದುರು ನಕ್ಕಳಲ್ಲ, ಅವತ್ತಿಂದ. ನೀವು ಕುಣ್ಕೊಂಡು ನನ್ನ ರೂಮಿಗೆ ಬಂದ್ರಿ. ಸಿಹಿ ಸಿನಮನ್ ರೋಲ್ ಬನ್ನನ್ನ ಚಿಲೀಲಿ ಅದ್ದಿ ತಿಂದ್ರಿ... ಎರಡನೇ ವರ್ಷದ ಮೊದಲನೇ ವಾರ ಅದು."

"ಪುಣ್ಯಾತ್ಮ! 'ಹೋದ ವಾರದಿಂದ' ಅಂದಿದ್ರೆ ನನ್ನ ವರ್ಷ ಉಳೀತಿತ್ತು! ಒಂದು ಸುಳ್ಳು ಹೇಳೋಕೆ ಬರಲ್ವಾ ನಿಮ್ಗೆ?"

"ಅಷ್ಟು ದಿನ ಸುಮ್ನಿದ್ದದ್ದೇ ಸುಳ್ಳು. ಅವತ್ತೇ ಎದ್ದು ಹೋಗ್ಬೇಕಿತ್ತು. ನಿಮ್ಮೆದುರು ಕೂರೋ ಆಸೆ... ಬಿಡೋಕಾಗ್ಲಿಲ್ಲ. ತಪ್ಪು ನಂದೇ."

"ನನಗ್ಯಾಕೆ ಹೇಳ್ಲಿಲ್ಲ?"

"ಲೈಸೆನ್ಸ್ ಕೈಗೆ ಬರೋವರೆಗೂ ಬೋರ್ಡು ನಿಮ್ಮ ಬಗ್ಗೆ ನನ್ನನ್ನೇ ಕೇಳ್ಬಹುದಿತ್ತು. ಆಗ ಹೇಳಿದ್ರೆ, ಲೈಸೆನ್ಸಿಗೆ ಅಡ್ಡ ಬರ್ತೀನೇನೋ ಅಂತ ಬೇಡ ಅನ್ನೋಕೂ ನಿಮಗೆ ಹೆದರಿಕೆ ಆಗ್ತಿತ್ತು."

ಬೇಡ ಅನ್ನುತ್ತಿದ್ದೆನೇ ನಾನು...? ಅವಳಿಗೆ ನಗು ಬರಲಿಲ್ಲ, ಅಳು ಬಂತು.

"ವರ್ಷ ಪೂರ್ತಿ ನನ್ನನ್ನೇ ನಾನು ಬೈಕೊಂಡೆ. ಅದನ್ನ ಕ್ಷಮಿಸಲ್ಲ."

"ಕ್ಷಮಿಸ್ಬೇಡಿ."

ಅವನು ಚಳಿಗೆ ನಡುಗುತ್ತಿದ್ದ. ಅವಳು ತನ್ನ ಮಫ್ಲರ್ ಬಿಚ್ಚಿ ಅವನ ಕುತ್ತಿಗೆಗೆ ಸುತ್ತಿದಳು, ಸಿಟ್ಟಿನಿಂದಲೇ, ತುಸು ಬಿಗಿಯಾಗಿಯೇ. ಅವನು ಆ ಕೈ ಹಿಡಿದುಕೊಂಡ.

"ಇನ್ಮೇಲೆ ಏನಿದ್ರೂ ಮೊದಲು ನನಗೆ ಹೇಳ್ಬೇಕು. ಬೋರ್ಡಿಗಲ್ಲ!"

"ಮೊದಲು ನಿನಗೇ."

"ಹಾಗಾದ್ರೆ ಹೇಳು. ನನಗಿನ್ನೂ ಹೇಳೇ ಇಲ್ಲ ನೀನು."

"ನಿನ್ನ ಪ್ರೀತಿಸ್ತೀನಿ, ಮಾರ್ವಾ."

"ನನ್ನ ಒಂದು ವರ್ಷ ನುಂಗಿಬಿಟ್ಟೆಯಲ್ಲೋ..." ಎಂದಳು ಅವಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.